ವಿಯೆಟ್ನಾಂ ಟ್ರಿಪ್ಪು ಮತ್ತು ಹಳೇ ಮೆಸ್ ಬಿಲ್ಲು

ಪ್ರಶ್ನೆ: ನನಗೆ 36 ವರ್ಷ, ಬೆಂಗಳೂರಿನಲ್ಲಿ ಐಟಿ ಕೆಲಸ. 2010ರಿಂದ 12ರವರೆಗೆ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನಾವು ನಾಲ್ವರು ಸದಾ ಜೊತೆಗೇ ಇರುತ್ತಿದ್ದೆವು. ಒಬ್ಬಳು ಈಗ ಅಮೆರಿಕದಲ್ಲಿದ್ದಾಳೆ, ಇನ್ನೊಬ್ಬಳು ಬ್ಯಾಂಕಿನಲ್ಲಿ. ನಾಲ್ಕನೆಯವಳು ನಮ್ಮೆಲ್ಲರಿಗಿಂತ ಬುದ್ಧಿವಂತೆ, ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಈ ಸಲ ನಾಲ್ವರೂ ವಿಯೆಟ್ನಾಂಗೆ ಹೋಗೋಣ ಅಂತ ಪ್ಲಾನ್ ಮಾಡಿದೆ. ಒಬ್ಬರಿಗೆ 85 ಸಾವಿರ. ಅವಳಿಗೆ ಅನುಕೂಲವಾಗಲಿ ಅಂತಲೇ ಕಾಲೇಜು ರಜೆ ಇರುವ ವಾರ ಹುಡುಕಿದೆ. ಎರಡು ವಾರವಾದರೂ ಉತ್ತರವಿಲ್ಲ. ಕೊನೆಗೆ ಗ್ರೂಪಿನಲ್ಲಿ ‘ನಿನ್ನ ಪಾಲು ನಾವು ಮೂವರು ಹಾಕ್ತೀವಿ, ಟೆನ್ಷನ್ ಬೇಡ ಕಣೇ’ ಅಂತ ಬರೆದೆ. ‘ನೀವು ಹೋಗಿ ಬನ್ನಿ’ ಅಂತ ಒಂದು ಸಾಲು ಹಾಕಿ ಗ್ರೂಪನ್ನೇ ಬಿಟ್ಟಳು. ಈಗ ಫೋನೂ ಎತ್ತುತ್ತಿಲ್ಲ. ಉಳಿದಿಬ್ಬರು ‘ಹೊಟ್ಟೆಕಿಚ್ಚು, ಬಿಟ್ಟಾಕು’ ಅನ್ನುತ್ತಾರೆ. ಒಳ್ಳೇದು ಮಾಡಲು ಹೋದವಳು ನಾನು. ನಾನೇ ಮತ್ತೆ ಅವಳ ಹಿಂದೆ ಹೋಗಬೇಕಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೌದು, ನೀವೇ ಹೋಗಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ಒಂದೇ ಕಡೆ ನಿಂತಿತು: ‘ಅವಳಿಗೆ ಅನುಕೂಲವಾಗಲಿ ಅಂತಲೇ ರಜೆ ಇರುವ ವಾರ’.

ಅತಿಥಿ ಉಪನ್ಯಾಸಕರಿಗೆ ರಜೆ ಅಂದರೆ ಗೌರವಧನ ಬರದ ದಿನಗಳು. ಕಾಯಂ ಮೇಷ್ಟ್ರುಗಳಿಗೆ ರಜೆಯಲ್ಲೂ ಸಂಬಳ ಬೀಳುತ್ತದೆ. ಇವರಿಗೆ ಪಾಠ ಇದ್ದಾಗ ಮಾತ್ರ. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಅದೇ ಕಾಲೇಜು ಸಿಕ್ಕರೆ ಸಿಕ್ಕಿತು. 2022ರ ಜನವರಿಗೆ ಮುಂಚೆ ಇವರ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ಮುಷ್ಕರ ಕೂತ ಮೇಲೆ, ನೆಟ್, ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಆಗಿದ್ದು ಐದು ವರ್ಷ ಪಾಠ ಮಾಡಿದವರಿಗೆ ಅದು 32 ಸಾವಿರ ಆಯಿತು. ಆಮೇಲೆ ಇನ್ನೊಂದಿಷ್ಟು ಏರಿದೆ, ಇರಲಿ. 32 ಅಂತಲೇ ಹಿಡಿದರೂ ನಿಮ್ಮ ಟ್ರಿಪ್ಪು ಅವರ ಎರಡೂವರೆ ತಿಂಗಳಿಗೂ ಜಾಸ್ತಿ ದುಡಿಮೆ. ಅದನ್ನು ನೀವು ಕೇಳಿದ್ದು ಪಗಾರವೇ ಇಲ್ಲದ ಹೊತ್ತಿನಲ್ಲಿ.

ನೀವು ಬೇಕಂತ ಮಾಡಲಿಲ್ಲ, ನಿಮಗಿದು ಗೊತ್ತಿರಲಿಲ್ಲ. ಆದರೆ ಯಾಕೆ ಗೊತ್ತಿರಲಿಲ್ಲ? 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆ ಕರೆದರು. 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ನಿಮ್ಮ ಗೆಳತಿ ಅದನ್ನು ಬರೆದಿದ್ದರಾ? ಬರೆದಿದ್ದರೆ ಎಷ್ಟರಲ್ಲಿ ಕೈ ತಪ್ಪಿತು? ಫಲಿತಾಂಶದ ದಿನ ಯಾರಿಗೆ ಫೋನ್ ಮಾಡಿದ್ದರು? ಇದಕ್ಕೆ ನಿಮ್ಮ ಮೂವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿಲ್ಲದಿದ್ದರೆ, ಆ ಗ್ರೂಪಿನಲ್ಲಿ ಇಷ್ಟು ವರ್ಷ ಹರಿದಾಡಿದ್ದು ಬರ್ತ್‌ಡೇ ಕೇಕು ಮತ್ತು ಹಬ್ಬದ ಫೋಟೊ ಮಾತ್ರ ಅಂತ ಕಾಣುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಓದಿದ ಹಾಸ್ಟೆಲಿನಲ್ಲಿ ಡಿವೈಡಿಂಗ್ ಮೆಸ್ ಇತ್ತು. ಅಕ್ಕಿ, ಬೇಳೆ, ಗ್ಯಾಸು, ಭಟ್ಟರ ಸಂಬಳ ಎಲ್ಲಾ ಕೂಡಿಸಿ ತಲೆಗಿಷ್ಟು ಅಂತ ಹಂಚುತ್ತಿದ್ದರು. ಎಲ್ಲರಿಗೂ ಒಂದೇ ಬಿಲ್ಲು. ಹಾಗಾಗಿ ನಾವೆಲ್ಲ ಒಂದೇ ಅಂದುಕೊಂಡಿದ್ದೆವು. ಬಿಲ್ಲು ಒಂದೇ ಆದರೂ ಕಟ್ಟುವ ಮನೆಗಳು ಒಂದೇ ಅಲ್ಲ ಅನ್ನುವುದು ಹೊಳೆಯುತ್ತಲೇ ಇರಲಿಲ್ಲ. ಒಂದು ತಿಂಗಳು ನನ್ನ ರೂಂಮೇಟಿನ ಹೆಸರು ಬಾಕಿ ಪಟ್ಟಿಯಲ್ಲಿ ಬಂತು. ಊಟದ ಹೊತ್ತು, ಕೌಂಟರಿನಲ್ಲಿ ಉದ್ದ ಕ್ಯೂ. ನಾನು ಹೀರೋ ತರ ಮುಂದೆ ಹೋಗಿ ‘ಇವಳದ್ದೂ ಸೇರಿಸ್ಕೊಳ್ಳಿ’ ಅಂದೆ. ಅವಳು ಏನೂ ಹೇಳಲಿಲ್ಲ. ತಟ್ಟೆ ಹಿಡಿದು ನಲ್ಲಿ ಪಕ್ಕದ ಟೇಬಲಿಗೆ ಹೋಗಿ ಕೂತಳು. ಮರುದಿನವೂ ಅಲ್ಲೇ ಕೂತಳು. ಮೂರು ತಿಂಗಳಲ್ಲಿ ದುಡ್ಡು ಪೂರ್ತಿ ವಾಪಸ್ ಕೊಟ್ಟಳು, ಚಿಲ್ಲರೆ ಸಮೇತ. ನಮ್ಮ ಟೇಬಲಿಗೆ ಮಾತ್ರ ವಾಪಸ್ ಬರಲಿಲ್ಲ. ಅದೇ ದುಡ್ಡನ್ನು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದಳೇನೋ.

ನಿಮ್ಮ ವಾಟ್ಸಾಪ್ ಗ್ರೂಪು ನನ್ನ ಆ ಕ್ಯೂ ಇದ್ದ ಹಾಗೆ. ‘ನಾವು ಮೂವರು ಹಾಕ್ತೀವಿ’ ಅಂದಿರಿ. ಅಲ್ಲಿಗೆ ಮೂವರು ಒಂದು ಕಡೆ, ಅವರೊಬ್ಬರೇ ಇನ್ನೊಂದು ಕಡೆ ಆದರು, ಅಲ್ವಾ?

ಹೊಟ್ಟೆಕಿಚ್ಚಿನ ಮಾತು. ಸ್ವಲ್ಪ ಇದ್ದರೂ ಇರಬಹುದು. ಇರಬಾರದಾ? ನಾಲ್ವರಲ್ಲಿ ಬುದ್ಧಿವಂತೆ ಅಂತ ನೀವೇ ಬರೆದಿದ್ದೀರಿ. ಅಂಥವರು ಪ್ರತಿ ವರ್ಷ ಕೆಲಸ ಉಳಿಯುತ್ತೋ ಇಲ್ವೋ ಅಂತ ಕಾಯುತ್ತಾ ಕೂರುವಾಗ, ಗೆಳತಿಯರ ಫಾರಿನ್ ಫೋಟೊ ನೋಡಿ ಒಂದು ಕ್ಷಣ ಚುರ್ ಅನ್ನದಿದ್ದರೆ ಅದೇ ಆಶ್ಚರ್ಯ. ಉಳಿದಿಬ್ಬರ ‘ಬಿಟ್ಟಾಕು’ ನನಗೆ ಸೋಮಾರಿತನದ ಮಾತಿನ ಹಾಗೆ ಕೇಳುತ್ತದೆ.

ನಿಮ್ಮ ಗೆಳತಿಯದೇನೂ ತಪ್ಪಿಲ್ಲ ಅನ್ನುತ್ತಿಲ್ಲ. ‘ಈ ಸಲ ಆಗಲ್ಲ ಕಣ್ರೇ’ ಅಂತ ಮೊದಲ ದಿನವೇ ಹೇಳಬಹುದಿತ್ತು. ಫೋನ್ ಎತ್ತದೆ ಸತಾಯಿಸುವುದೂ ಸರಿಯಲ್ಲ. ಆದರೆ ಅದನ್ನು ಲೆಕ್ಕ ಹಾಕುತ್ತಾ ಕೂತರೆ ನಿಮಗೆ ಐವತ್ತು ತುಂಬುತ್ತದೆ.

ಈಗ ಮಾಡಬೇಕಾದ್ದು. ಫೋನ್ ಸಾಕು ಮಾಡಿ. ಒಂದೇ ಒಂದು ಮೆಸೇಜು, ಅವರಿಗೆ ಮಾತ್ರ: ‘ಅವತ್ತು ಎಲ್ಲರ ಮುಂದೆ ದುಡ್ಡಿನ ಮಾತಾಡಿದ್ದು ತಪ್ಪಾಯ್ತು. ಶನಿವಾರ ಭದ್ರಾವತಿಗೆ ಬರ್ತಿದೀನಿ, ನಿನಗೆ ಆಗುತ್ತಾ?’ ಅಷ್ಟೇ. ‘ನನ್ನ ಉದ್ದೇಶ ಒಳ್ಳೇದೇ ಇತ್ತು’ ಅಂತ ದಯವಿಟ್ಟು ಸೇರಿಸಬೇಡಿ. ಸೇರಿಸಿದರೆ ಕ್ಷಮೆ ಹೋಗಿ ವಾದ ಆಗುತ್ತದೆ. ಉಳಿದಿಬ್ಬರಿಗೆ ಹೇಳಲೂಬೇಡಿ. ಹೇಳಿದರೆ ಅದಕ್ಕೂ ಒಂದು ಗ್ರೂಪ್ ಕಾಲ್ ಶುರುವಾಗುತ್ತದೆ.

ಒಪ್ಪಿದರೆ ರಾತ್ರಿ ರೈಲು ಹತ್ತಿ. ಭದ್ರಾವತಿಯಿಂದ ಶಂಕರಘಟ್ಟದ ನಿಮ್ಮ ಹಳೇ ಕ್ಯಾಂಪಸ್ಸಿಗೋ, ಪಕ್ಕದ ಬಿ.ಆರ್. ಪ್ರಾಜೆಕ್ಟ್ ಡ್ಯಾಮಿನ ಕಡೆಗೋ ಹೋಗಿ. ನಿಮ್ಮಿಬ್ಬರಿಗೂ ದಾರಿ ಗೊತ್ತಿರುವ ಜಾಗ, ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ. ಅವರ ಕಾಲೇಜಿನ ಬಗ್ಗೆ, ಆ ಪರೀಕ್ಷೆಯ ಬಗ್ಗೆ ಕೇಳಿ. ಕೇಳಿ ಸುಮ್ನಿರಿ. ‘ನಮ್ಮ ಕಂಪನಿಯಲ್ಲಿ ನೋಡ್ಲಾ?’ ಅನ್ನುವುದು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಅವರೇ ಕೇಳಿದರೆ ಆಗ ನೋಡೋಣ.

ಉತ್ತರವೇ ಬರದಿದ್ದರೆ? ಎರಡು ಮೂರು ತಿಂಗಳು ಬಿಟ್ಟು, ಹೊಸ ಸೆಮಿಸ್ಟರ್ ಶುರುವಾಗಿ ಅವರ ಕೈಯಲ್ಲಿ ಕೆಲಸ ಇರುವಾಗ ಇನ್ನೊಂದು ಸಲ ಪ್ರಯತ್ನಿಸಿ. ವಿಯೆಟ್ನಾಂಗೆ ಹೋಗುವುದಾದರೆ ಹೋಗಿ ಬನ್ನಿ, ಅದರಲ್ಲಿ ಅಪರಾಧ ಏನಿಲ್ಲ. ಆದರೆ ‘ಮಿಸ್ಸಿಂಗ್ ಯೂ’ ಅಂತ ಅಲ್ಲಿಂದ ಅವರಿಗೆ ಫೋಟೊ ಕಳಿಸಬೇಡಿ.

ಇನ್ನೊಂದು ಮಾತು. ಭದ್ರಾವತಿಯಲ್ಲಿ ದೋಸೆ ತಿಂದು ಕಾಫಿ ಕುಡಿದ ಮೇಲೆ ಅವರು ಪರ್ಸ್ ತೆಗೆದರೆ, ತಡೆಯಬೇಡಿ.