ಆಯಿ ಹೊಲಿದ ಕೌದಿ

ಮಹಾರಾಷ್ಟ್ರದಲ್ಲಿದ್ದೂ ನಿಮ್ಮ ಮನೆಯಲ್ಲಿ ಇಷ್ಟು ಕನ್ನಡ ಹೇಗೆ ಉಳಿಯಿತು ಅಂತ ಬೆಂಗಳೂರು, ಮೈಸೂರು ಕಡೆಯವರು ಕೇಳುತ್ತಾರೆ. ಶಾಲೆ, ಸಂಘ, ಹೋರಾಟ ಅಂತ ಹೇಳಬಹುದು. ಅವೂ ನಿಜವೇ. ಆದರೆ ನನ್ನ ಮಟ್ಟಿಗೆ ಉತ್ತರ ನಮ್ಮ ಆಯಿ.

ಮೊದಲು ಈ 'ಆಯಿ' ಅನ್ನೋ ಮಾತನ್ನೇ ಬಿಡಿಸಿ ಹೇಳಬೇಕು. ನಮ್ಮ ಕಡೆ ಕನ್ನಡದಲ್ಲಿ ಅಜ್ಜಿಗೆ ಆಯಿ, ಅಜ್ಜನಿಗೆ ಮುತ್ಯಾ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಮರಾಠಿ ಹುಡುಗ, ಇಷ್ಟು ವಯಸ್ಸಾದವರು ನಿನ್ನ ಆಯಿನಾ ಅಂತ ಕಣ್ಣರಳಿಸಿ ಕೇಳಿದ್ದ. ಒಳಗಿದ್ದ ಆಯಿಗೆ ಅದು ಕೇಳಿಸಿತು. "ಹೌದಪಾ, ನಿಮ್ಮ ಭಾಷಾದಾಗ ನನಗ ವಯಸ್ಸ ಕಮ್ಮಿ ಆಗ್ತದ" ಅಂದಳು.

ನಮ್ಮೂರು ಇರೋದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ನಾವು ಮುಂಬೈ ರಾಜ್ಯದಲ್ಲೇ ಉಳಿದೆವು. 1960ರಲ್ಲಿ ಮಹಾರಾಷ್ಟ್ರದವರಾದೆವು. ಅಕ್ಕಲಕೋಟ ತಾಲ್ಲೂಕು, ಜತ್ತ, ಸೊಲ್ಲಾಪುರ ಕಡೆಯ ಭಾಗಗಳು ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲೇ ಇಲ್ಲ. ಬಸ್ಸಿನ ಬೋರ್ಡು ಮರಾಠಿ, ಹೊಲದ ಉತಾರ (ಪಹಣಿ) ಮರಾಠಿ, ಒಲೆ ಮುಂದಿನ ಮಾತು ಕನ್ನಡ. ಆಯಿಗೆ ಎರಡೂ ಸಲೀಸು. ಸಂತೆಯಲ್ಲಿ ಚೌಕಾಸಿ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಜನಗಣತಿಗೆ ಬಂದವರು ಮಾತೃಭಾಷೆ ಯಾವುದು ಅಂತ ಕೇಳಿದಾಗ ಅವಳು ಕೊಟ್ಟ ಉತ್ತರ ನಮ್ಮ ಓಣಿಯಲ್ಲಿ ಇನ್ನೂ ಓಡಾಡುತ್ತದೆ: "ನಿದ್ದಿಗಣ್ಣಾಗ ನೀರು ಕೇಳೂದು ಕನ್ನಡದಾಗ. ಅದನ್ನ ಬರಕೋ."

ಓದು ಬರಹ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಮಾತಿನಲ್ಲಿ ಅವಳನ್ನು ಸೋಲಿಸಿದವರನ್ನು ನಾನು ನೋಡಿಲ್ಲ. ರೇಷನ್ ಕಾರ್ಡಿನ ಕತೆ ಹೇಳ್ತೀನಿ. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಅನ್ನೋ ಕಾಲದವಳು ಅವಳು. ಬರೆಯುವ ಸಾಹೇಬ ಮರಾಠಿಯಲ್ಲಿ ಗಂಡನ ಹೆಸರು ಕೇಳಿದ. ಆಯಿ ಮರಾಠಿಯಲ್ಲೇ ತಿರುಗಿ ಕೇಳಿದಳು, ಸೊಲ್ಲಾಪುರದ ಕೆರೆ ಕಟ್ಟಿಸಿದವರು ಯಾರು? ಸಾಹೇಬ ಕೈ ಜೋಡಿಸಿ, ಸಿದ್ಧರಾಮ ಅಂದ. "ಅದನ್ನೇ ಬರಿ ಮತ್ತ" ಅಂದಳು.

ದೂರದವರಿಗೆ ಇದು ಸುಮ್ನೆ ತಮಾಷೆ ಅನಿಸಬಹುದು. ಆದರೆ ಸಿದ್ಧರಾಮ ನಮಗೆ ಎಷ್ಟು ಹತ್ತಿರದವನು ಅನ್ನೋದು ಇದರಲ್ಲಿದೆ. 12ನೇ ಶತಮಾನದ ಆ ಶರಣ ಕೆರೆ ತೋಡಿಸಿದ್ದು ಸೊನ್ನಲಿಗೆಯಲ್ಲಿ, ಅಂದರೆ ಇವತ್ತಿನ ಸೊಲ್ಲಾಪುರದಲ್ಲಿ. ವಚನ ಹೇಳಿದ್ದು ಕನ್ನಡದಲ್ಲಿ. ಸಂಕ್ರಾಂತಿ ಜಾತ್ರೆಯ ನಂದಿಧ್ವಜಕ್ಕೆ ಕೈಮುಗಿಯುವವರಲ್ಲಿ ಮರಾಠಿಯವರೂ ಇದ್ದಾರೆ, ನಾವೂ ಇದ್ದೇವೆ, ತೆಲುಗಿನವರೂ ಇದ್ದಾರೆ. ಆಯಿಯ ಒಗಟನ್ನು ಆ ಸಾಹೇಬ ಒಂದೇ ಏಟಿಗೆ ಬಿಡಿಸಿದ್ದು ಅದಕ್ಕೇ.

ಮದುವೆ ಮನೆಯಲ್ಲಂತೂ ಹೆಂಗಸರು ಅವಳನ್ನು ಬಿಡುತ್ತಲೇ ಇರಲಿಲ್ಲ. ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳೋದಕ್ಕೆ ನಾವು ಒಡಪು ಅಂತೀವಿ, ಮರಾಠಿಯವರು ಉಖಾಣಾ ಅಂತಾರೆ. ಉಳಿದವರು ಬಾಯಿಪಾಠ ಮಾಡಿದ್ದನ್ನು ಹೇಳಿದರೆ ಆಯಿ ಅಲ್ಲೇ ಕೂತು ಕಟ್ಟುತ್ತಿದ್ದಳು. ಮುತ್ಯಾನಿಗೆ ಕಿವಿ ಮಂದ ಆದ ಮೇಲೆ, ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಹೇಳಿದ್ದು ಇದು:

"ಎಳ್ಳಮಾಸಿ ಹೊಲದಾಗ ಎಳ್ಳಹೋಳಿಗಿ ಬೆಲ್ಲ,
ಇವರ ಹೆಸರ ಹೇಳಂತೀರಿ, ಇವರಿಗೇ ಕಿವಿ ಕೇಳೂದಿಲ್ಲ!"

ಎಲ್ಲರೂ ನಕ್ಕರು. ಮುತ್ಯಾ ಏನೂ ಕೇಳಿಸದೆ ಎಲ್ಲರಿಗಿಂತ ಜೋರಾಗಿ ನಕ್ಕ. ಆಯಿ ಸೆರಗು ಬಾಯಿಗೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಇನ್ನೂ ನೆನಪಿದೆ.

ಸುಗ್ಗಿ ಮುಗಿದ ಮೇಲೆ ಕೌದಿಯ ಕೆಲಸ, ಅಂದರೆ ಹಳೆ ಬಟ್ಟೆ ಕೂಡಿಸಿ ಹೊದಿಕೆ ಹೊಲಿಯೋದು. ಹಳೆ ಇಳಕಲ್ ಸೀರೆ, ಹರಿದ ಧೋತರ, ನಮ್ಮ ಅಂಗಿ ಚಡ್ಡಿ, ಎಲ್ಲ ಪಡಸಾಲೆಯಲ್ಲಿ ಹರವಿ ಎರಡು ದಿನ ಬರೀ ನೋಡುತ್ತಿದ್ದಳು. ಯಾವ ತ್ಯಾಪಿ ಯಾವುದರ ಪಕ್ಕಕ್ಕೆ ಬರಬೇಕು ಅನ್ನೋದು ಮನಸ್ಸಿನಲ್ಲಿ ಕೂಡುವ ತನಕ ಸೂಜಿ ಹಿಡಿಯುತ್ತಿರಲಿಲ್ಲ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ. ಸೊಲ್ಲಾಪುರದ ಚಾದರ ದೇಶಕ್ಕೆಲ್ಲ ಗೊತ್ತು, ನಮ್ಮ ಮನೆಯಲ್ಲೂ ಇದ್ದವು. "ಚಾದರ ಅಂಗಡ್ಯಾಗ ಸಿಗ್ತದ, ಕೌದಿ ಸಿಗಬೇಕಂದ್ರ ಮನಿ ಮಂದಿ ಎಲ್ಲಾರೂ ಅರಿವಿ ಹರಕೋಬೇಕು" ಅನ್ನುತ್ತಿದ್ದಳು.

ನನ್ನ ಕೌದಿಯಲ್ಲಿ ಎರಡನೇ ಇಯತ್ತೆಯ ಶಾಲೆ ಅಂಗಿಯ ತುಂಡಿದೆ. ಕಿಸೆ ಸಮೇತ. ಉಳಿದವರಾದರೆ ಕಿಸೆ ಬಿಚ್ಚಿ ಹೊಲಿಯುತ್ತಿದ್ದರು. ಆಯಿ ಅದರ ಬಾಯಿ ತೆರೆದೇ ಬಿಟ್ಟಿದ್ದಳು. ರಾತ್ರಿ ನಾನು ಮುನಿಸಿಕೊಂಡು ಊಟ ಬಿಟ್ಟು ಮಲಗಿದರೆ ಕೌದಿಯ ಕಿಸೆಯಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಕತ್ತಲಲ್ಲಿ ಒಂದೊಂದೇ ತೆಗೆದು, ಸದ್ದಾಗದ ಹಾಗೆ ತಿನ್ನುತ್ತಿದ್ದೆ. ಮರುದಿನ ಅವಳು ಆ ಮಾತೇ ತೆಗೆಯುತ್ತಿರಲಿಲ್ಲ.

ಕೌದಿ ಮುಗಿದ ದಿನ ಒಂದು ಮೂಲೆಯಲ್ಲಿ ಹೋಳಿಗೆಯ ಸಣ್ಣ ಚೂರು ಇಟ್ಟು ಹೊಲಿಗೆ ಹಾಕುತ್ತಿದ್ದಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತೋದಿಲ್ಲವಂತೆ.

ಕೊನೆಯ ಕೌದಿ ಮುಗಿಸುವುದು ಅವಳಿಂದ ಆಗಲಿಲ್ಲ. ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು, ಸೂಜಿ ಅಲ್ಲೇ ಚುಚ್ಚಿತ್ತು. ಅದನ್ನು ಮಡಚಿ ಟ್ರಂಕಿನಲ್ಲಿ ಇಟ್ಟೆವು. ತೆಗೆದು ನೋಡುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಈ ಸಲ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಬಂದ ಮೇಲೆ, ಅವ್ವ ತಾನಾಗಿಯೇ ಟ್ರಂಕು ತೆರೆದಳು. ನಡುವಿನ ಜಾಗಕ್ಕೆ ಆಯಿಯದೇ ಒಂದು ಸೀರೆಯ ತುಂಡು ಹಚ್ಚಿದಳು. ಅವಳ ಹೊಲಿಗೆ ಆಯಿಯ ಹೊಲಿಗೆಯಷ್ಟು ಸಣ್ಣ ಇಲ್ಲ, ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಮೂಲೆ ಬಿಚ್ಚಿ ಎಳ್ಳುಹೋಳಿಗೆಯ ಚೂರು ಇಟ್ಟಳು. ಬೆಲ್ಲ ಇದೆ, ಇರುವೆ ಹತ್ತುತ್ತವೆ ಅಂದೆ.

"ಹತ್ತಲಿ ಬಿಡೋ" ಅಂದಳು ಅವ್ವ, ದಾರ ಹಲ್ಲಿನಿಂದ ಕಡಿಯುತ್ತ. "ಅವೂ ಬಂದು ಉಣ್ಣಲಿ."