ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಎಲ್ಲಿದೆ?

ಆಳಂದ ತಾಲೂಕಿನ ಓದುಗರೊಬ್ಬರ ಪತ್ರ: ತೊಗರಿ ಖರೀದಿ ಕೇಂದ್ರ ತೆರೆಯಲಿಲ್ಲವೆಂದು ರೈತರು ರಸ್ತೆ ತಡೆದರು. ಡಯಾಲಿಸಿಸ್‌ಗೆಂದು ಕಲಬುರಗಿಗೆ ಹೊರಟಿದ್ದ ತಾಯಿ ಎರಡು ತಾಸು ಜೀಪಿನಲ್ಲೇ ಕೂರಬೇಕಾಯಿತು. ‘ಅನ್ಯಾಯಕ್ಕೆ ಇನ್ನೊಂದು ಅನ್ಯಾಯವೇ ಉತ್ತರವೇ?’

ಖಂಡಿತ ಅಲ್ಲ. ತಾಯಿಯವರಿಗೆ ಆದದ್ದು ತಪ್ಪು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟು ದೆಹಲಿಯ ಶಾಹೀನ್ ಬಾಗ್ ಧರಣಿ ಕುರಿತ 2020ರ ತೀರ್ಪಿನಲ್ಲಿ ಹೇಳಿದೆ. ಆದರೆ ಬೀದಿ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಪೂರ್ತಿ ನಿಷೇಧಿಸುವಂತಿಲ್ಲ ಎಂದು 1972ರ ಹಿಮತ್‌ಲಾಲ್ ಷಾ ಪ್ರಕರಣದಲ್ಲಿ ಹೇಳಿದ್ದೂ ಅದೇ ಕೋರ್ಟು.

ರೈತರನ್ನು ನೀವು ಕೇಳಬೇಕಿದ್ದದ್ದು ಬೇರೆ: ರಸ್ತೆಗೆ ಬರುವ ಮುಂಚೆ ಏನೇನು ಮಾಡಿದಿರಿ? ಉಪ್ಪಿನ ಕಾಯ್ದೆ ಮುರಿಯುವುದಾಗಿ ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದದ್ದು 1930ರ ಮಾರ್ಚ್ 2ರಂದು, ಸಾಬರಮತಿ ಬಿಟ್ಟದ್ದು 12ರಂದು. ಹಾಗೇ ಮೊದಲು ತಿಳಿಸಿಯೇ ರಸ್ತೆಗೆ ಬರಬೇಕು. ಮನವಿ ಮೂರು ಪ್ರತಿ ಬೇಕು: ಜಿಲ್ಲಾಧಿಕಾರಿಗೆ ಒಂದು, ಠಾಣೆಗೆ ಒಂದು, ಆವಕ ಸಂಖ್ಯೆ, ತಾರೀಖು, ಮುದ್ರೆ ಹಾಕಿಸಿಕೊಂಡು ತಮ್ಮ ಹತ್ತಿರ ಒಂದು. ಬೇಡಿಕೆ ಎರಡಕ್ಕಿಂತ ಹೆಚ್ಚು ಬೇಡ. ಹದಿನೈದು ಬರೆದರೆ ಸುಲಭದ ಎರಡಕ್ಕೆ ಒಪ್ಪಿ ಅಧಿಕಾರಿ ಕೈತೊಳೆದುಕೊಳ್ಳುತ್ತಾರೆ. ರಸ್ತೆಯ ಒಂದು ಬದಿ ತೆರೆದಿರಲಿ, ಎರಡೂ ತುದಿಗೆ ಇಬ್ಬಿಬ್ಬರು ಕಾರ್ಯಕರ್ತರು ನಿಲ್ಲಲಿ. ರೋಗಿಗಳೆಲ್ಲ ಆಂಬುಲೆನ್ಸಿನಲ್ಲೇ ಬರುವುದಿಲ್ಲ. ಪ್ರತಿ ಗಾಡಿಯ ಕಿಟಕಿಗೂ ಹೋಗಿ ವಿಚಾರಿಸಬೇಕು. ಟೈರು ಸುಟ್ಟರೆ ಬಿಟ್ಟ ದಾರಿಯೂ ಹೊಗೆಗೆ ಮುಚ್ಚುತ್ತದೆ. ಇನ್ನು ಕಲ್ಲು: ಮುಖಂಡರೆಲ್ಲ ಮಾತುಕತೆಗೆ ಒಳಹೋಗಿ, ಹೊರಗೆ ಮೈಕು ಹಿಡಿದು ಜನರನ್ನು ಕೂರಿಸುವವರಿಲ್ಲದ ಹೊತ್ತಿನಲ್ಲೇ ಅದು ಹಾರುವುದು. ಒಬ್ಬರಾದರೂ ಹೊರಗೆ ಉಳಿಯಲೇಬೇಕು.

ಇಷ್ಟೆಲ್ಲ ಮಾಡಿದವರಿಗೂ ‘ಮೇಲಕ್ಕೆ ಕಳಿಸ್ತೀವ್ರಿ’ ಎಂಬ ಒಂದೇ ಮಾತು ಸಿಕ್ಕರೆ? ಜನವರಿ ಹೊತ್ತಿಗೆ ತೊಗರಿ ರಾಶಿ ಆಗಿರುತ್ತದೆ. ಕೇಂದ್ರ ತಡವಾದರೆ ಸಾಲಗಾರ ರೈತ ಕಾಯಲಾರ, ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ ಒಯ್ದು ಸಿಕ್ಕ ದರಕ್ಕೆ ಸುರಿಯುತ್ತಾನೆ. ಆಮೇಲೆ ಬರುವ ಬೆಂಬಲ ಬೆಲೆ ಅವನ ಚೀಲಕ್ಕೆ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಈ ಮಾತೇ ಇಲ್ಲವಲ್ಲ, ಆಳಂದದವರಾಗಿ!

ನಮ್ಮ ಭಾಗಕ್ಕೆ ಈ ಕಾಯುವಿಕೆ ಹೊಸದಲ್ಲ. ನಿಜಾಮರ ಸಂಸ್ಥಾನದಿಂದ ಆಂಧ್ರಕ್ಕೆ ಸೇರಿದ ತೆಲಂಗಾಣಕ್ಕೆ 1973ರ ಸಂವಿಧಾನದ 32ನೇ ತಿದ್ದುಪಡಿಯಲ್ಲೇ, ಉದ್ಯೋಗ, ಶಿಕ್ಷಣದಲ್ಲಿ ಸ್ಥಳೀಯರಿಗೆ ವಿಶೇಷ ಅವಕಾಶ ಕೊಡುವ 371(ಡಿ) ವಿಧಿ ಬಂತು. ಅದೇ ಸಂಸ್ಥಾನದಿಂದ ಕರ್ನಾಟಕಕ್ಕೆ ಬಂದ ನಾವು ಅಂಥದೇ 371(ಜೆ) ವಿಧಿಗಾಗಿ 2012ರ 98ನೇ ತಿದ್ದುಪಡಿಯವರೆಗೆ ಧರಣಿ ಕೂತೆವು, ಬಂದ್ ಮಾಡಿದೆವು, ಮನವಿ ಕೊಟ್ಟೆವು. ಬೆಂಗಳೂರು, ದೆಹಲಿಗಳಿಗೆ ಕೇಳಿಸಲು ಇಷ್ಟು ವರ್ಷ ಬೇಕಾದಾಗ, ರಸ್ತೆಗೆ ಬಂದವನ ಸಿಟ್ಟನ್ನಷ್ಟೇ ಅಳೆಯುವುದು ನ್ಯಾಯವಲ್ಲ.

ಆ ರೈತರು ಮೊದಲೇ ಮನವಿ ಕೊಟ್ಟಿದ್ದರೆ, ಮುದ್ರೆ ಬಿದ್ದ ಪ್ರತಿಯನ್ನು ಅವರಿಂದ ಪಡೆದು ಕಳಿಸಿಕೊಡಿ. ಆವಕ ಸಂಖ್ಯೆ, ತಾರೀಖು ಸಮೇತ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.