ಲಕ್ಷಾಂತರ ಮೊಟ್ಟೆಯಿಡುವ ಮೀನು ಕಡಿಮೆಯಾಗುವುದೇಕೆ?

ಪ್ರಶ್ನೆ: ಒಂದೊಂದು ಮೀನೂ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಹಾಗಿದ್ದೂ ವಾಣಿಜ್ಯ ಮೀನುಗಾರಿಕೆಯಿಂದ ಮೀನಿನ ಸಂತತಿ ಕುಸಿಯುವುದು ಹೇಗೆ?

ಉತ್ತರ: ಮೊಟ್ಟೆಗಳ ಸಂಖ್ಯೆಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಅವುಗಳಲ್ಲಿ ಬದುಕುಳಿದು ಪ್ರಾಯಕ್ಕೆ ಬರುವವು ಅತ್ಯಲ್ಪ. ದೊಡ್ಡ ಹೆಣ್ಣು ಮೀನೊಂದು ಇಡುವಷ್ಟು ಮೊಟ್ಟೆಗಳನ್ನು ಅಷ್ಟೇ ತೂಕದ ಹಲವು ಚಿಕ್ಕ ಮೀನುಗಳು ಸೇರಿಯೂ ಅನೇಕ ಜಾತಿಗಳಲ್ಲಿ ಇಡಲಾರವು. ಬಲೆಗೆ ಮೊದಲು ಬೀಳುವವು ಮಾತ್ರ ಆ ದೊಡ್ಡ ಮೀನುಗಳೇ.

ಇದಕ್ಕಿಂತ ಅಪಾಯಕಾರಿಯಾದದ್ದು ಹಿಡಿದ ಮೀನಿನ ಲೆಕ್ಕ ಹುಟ್ಟಿಸುವ ಭ್ರಮೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ 1968ರಲ್ಲಿ ಎಂಟು ಲಕ್ಷ ಟನ್ನಿಗೂ ಹೆಚ್ಚು ಕಾಡ್ ಮೀನನ್ನು ಹಿಡಿಯಲಾಗಿತ್ತು. ಸಂತತಿ ಕರಗುತ್ತಿದ್ದರೂ ಉಳಿದವು ಗುಂಪುಗೂಡುತ್ತಿದ್ದುದರಿಂದ, ಗುಂಪನ್ನು ಹುಡುಕಬಲ್ಲ ಉಪಕರಣಗಳಿದ್ದ ಟ್ರಾಲರ್‌ಗಳಿಗೆ ಮೀನು ಸಿಗುತ್ತಲೇ ಇತ್ತು. ಹಾಗೆ ಸಿಕ್ಕ ಮೀನಿನ ಲೆಕ್ಕವನ್ನೇ ನಂಬಿ ಮಾಡಿದ ಸಂತತಿಯ ಅಂದಾಜುಗಳು (ನಂಬಲು ಅನುಕೂಲಕರವಾಗಿಯೂ ಇದ್ದವೆನ್ನಬೇಕು) ತಪ್ಪಾದವು. 1992ರಲ್ಲಿ ಸರ್ಕಾರ ಅಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು, ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು.

ನೀರಿನ ತಾಪಮಾನದಂಥ ಕಾರಣಗಳೂ ಇದ್ದವು, ನಿಜ; ಆದರೆ ಅತಿಯಾದ ಮೀನುಗಾರಿಕೆಯಿಂದ ಬಡವಾದ ಸಂತತಿಗೆ ಅವನ್ನು ತಾಳಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ನಿಷೇಧ ತೆರವಾದದ್ದು 2024ರಲ್ಲಿ. ಆಗಲೂ ಮೀನಿನ ಪ್ರಮಾಣ ಹಿಂದಿನ ಮಟ್ಟಕ್ಕೆ ಮರಳಿರಲಿಲ್ಲ.